ಕುರಿಗಳು ಬಿಸಿಲಲ್ಲಿ ತಲೆ ಎತ್ತುವುದಿಲ್ಲ ಯಾಕೆ

ಲೋಕ ಹೊಸದಾಗಿದ್ದಾಗ, ಸೂರ್ಯನಿಗೆ ಇನ್ನೂ ಮೀಸೆ ಮೂಡದಿದ್ದಾಗ, ತಾನು ಕುರಿ ಕಾಯುತ್ತಿದ್ದೆ ಎಂದ ಅಮೋಗೆಪ್ಪ ಮುತ್ಯಾ. ಆ ಕಾಲ ಕಂಡವರು ಒಬ್ಬರೂ ಉಳಿದಿರಲಿಲ್ಲ. ಅಲ್ಲ ಅನ್ನುವವರು ಯಾರು?

ಮೊಮ್ಮಗಳು ಲಗಮವ್ವ ಬೇವಿನ ನೆರಳಿನ ಅಂಚಿನಲ್ಲಿ ಕೋಲು ಹಿಡಿದು ನಿಂತಿದ್ದಳು. ನಡುಮಧ್ಯಾಹ್ನ. ಹಿಂಡನ್ನು ಈಗಲೇ ಕೆರೆಗೆ ಹೊಡೆದುಕೊಂಡು ಹೋಗಬೇಕೆಂದು ಅವಳ ಹಟ. ಕುರಿಗಳೋ, ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಂತು, ಎಷ್ಟು ಕೂಗಿದರೂ ಕದಲುತ್ತಿರಲಿಲ್ಲ.

"ಬಿಸಿಲು ಇಳೀಲಿ, ಕೂಡು," ಎಂದ ಮುತ್ಯಾ.

ಲೋಕ ಹೊಸದಾಗಿದ್ದ ಆ ಕಾಲದಲ್ಲಿ ಕುರಿಗಳು ದೂರ ದೂರ ನಿಲ್ಲುತ್ತಿದ್ದವಂತೆ. ಒಂದರ ಮೈನೆರಳು ಇನ್ನೊಂದಕ್ಕೆ ಮೈಲಿಗೆ, ಅಂಥ ಮಡಿ ಅವಕ್ಕೆ. ಒಂದು ದಿನ ಗಾಳಿ ಬಂದು, ಇವತ್ತು ನಾನು ಊರಲ್ಲಿರುವುದಿಲ್ಲ, ಅಲೆಯಬೇಡಿ ಎಂದಿತು. ಹಳ್ಳ, ಬಾಯಾರುವ ತನಕ ಕಾಯಬೇಡಿ, ಈಗಲೇ ಕುಡಿಯಿರಿ ಎಂದಿತು. ಹಿರಿಯ ಟಗರು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಮುಂದೆ ನಡೆಯಿತು. ಹಿಂಡೂ ನಡೆಯಿತು.

ನೆತ್ತಿ ಸುಡುವ ಹೊತ್ತಿಗೆ ಒಂದು ಮರಿಯ ಕಾಲು ತೊಡರಿತು. ಮುಟ್ಟಿದರೆ ಮೈ ಒಲೆಗಲ್ಲಿನಂತೆ ಕಾದಿತ್ತು. ತಾಯಿಯನ್ನೇ ನೋಡಿ, ನೀನು ಯಾರು ಎಂದು ಕೇಳಿತು.

ತಾಯಿ ಮಡಿ ಬಿಟ್ಟು ಮರಿಯ ಮೇಲೆ ನಿಂತಿತು. ಬಡಕಲು ಕುರಿ, ಅದರ ನೆರಳು ತಲೆಗೆ ಸಾಕಾಯಿತು, ಬೆನ್ನಿಗೆ ಸಾಲಲಿಲ್ಲ. ನೀರಿಗೆ ಓಡೋಣವೆಂದರೆ ಇರುವ ನೆರಳೂ ಹೋಗುತ್ತದೆ. ನಾನು ಬರುವ ತನಕ ಇಲ್ಲಿ ನಿಲ್ಲಿ ಎಂದು ಒಂದೊಂದನ್ನೂ ಬೇಡಿತು. ಒಂದು ಮೈಲಿಗೆ ಅಂದಿತು. ಇನ್ನೊಂದೂ ಮೈಲಿಗೆ ಅಂದಿತು. ಟಗರು ಮುಖ ತಿರುಗಿಸಿತು.

ಕಡೆಗೆ ತಾಯಿಯೇ ಹಿಂದಕ್ಕೆ ಹಳ್ಳಕ್ಕೆ ಓಡಿ, ಉಣ್ಣೆ ತೋಯಿಸಿಕೊಂಡು ಬಂದು ಮರಿಯ ಮೈಮೇಲೆ ಹಿಂಡಿತು. ಅಷ್ಟರಲ್ಲಿ ಮರಿಯ ಉಸಿರು ನಿಂತಿತ್ತು.

ತಾಯಿ ಅಳಲಿಲ್ಲ, ಬಯ್ಯಲಿಲ್ಲ. ಹೋಗಿ ಟಗರಿನ ಹೊಟ್ಟೆಯಡಿ ತಲೆ ಇಟ್ಟು ನಿಂತಿತು. ಟಗರು ಕದಲಲಿಲ್ಲ. ಅದರ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು. ಅವತ್ತು ತಗ್ಗಿಸಿದ ತಲೆಯನ್ನು ಕುರಿಗಳು ಇವತ್ತಿಗೂ ಬಿಸಿಲು ಇಳಿಯುವ ತನಕ ಎತ್ತುವುದಿಲ್ಲ, ಯಾರ ನೆರಳು ಎಂದು ಕೇಳುವುದಿಲ್ಲ.

ಲಗಮವ್ವ ಕೋಲು ಕೆಳಗಿಟ್ಟು ಕೂತಳು.

"ಮುತ್ಯಾ, ನೀ ಅಲ್ಲೇ ಇದ್ದಿ ಅಂದಿ. ಮರಿಗೆ ನೆರಳು ಮಾಡಾಕ ನಿನ್ನ ಹೆಗಲ ಮ್ಯಾಲ ಕಂಬಳಿ ಇರಲಿಲ್ಲೇನು?"

ಮುತ್ಯಾ ನೀರಿನ ತಂಬಿಗೆಯನ್ನು ಅವಳ ಕಡೆ ಸರಿಸಿದ.