ಅರೆಗೆಡ್ಡೆ ಗುಡ್ಡ

ಬಸ್ಸಿಳಿದು ಬಲಕ್ಕೆ ತಿರುಗಿದರೆ ಕಾಣುವ ಬೋಳು ನೆತ್ತಿಯ ಗುಡ್ಡವೇ ಅರೆಗೆಡ್ಡೆ ಗುಡ್ಡ. ದಾರಿಬದಿಯ ಫಲಕದ ಮೇಲೆ ಯಾವನೋ ಪುಣ್ಯಾತ್ಮ ಬೇರೆ ಹೆಸರು ಬರೆಸಿದ್ದಾನೆ. ಬರೆಸಿಕೊಳ್ಳಲಿ, ಊರವರು ಅದನ್ನು ಓದುವುದಿಲ್ಲ. ಇಳಿಜಾರಿನ ತುಂಬ ಕಾಡುಗೆಣಸಿನ ಬಳ್ಳಿ, ನೆತ್ತಿಯಲ್ಲಿ ವಿಗ್ರಹವಿಲ್ಲದ ಗುಡಿ. ಒಳಗಿರುವುದು ಗೆಣಸು ಅಗೆಯುವ ಕೋಲೊಂದೇ.

ಹಿಂದೆ ಒಮ್ಮೆ ಎರಡು ಮಳೆಗಾಲ ಬರಿದೇ ಹೋದವು ಎನ್ನುತ್ತಾರೆ. ಗುಡ್ಡದ ಕಾಡುಜನರ ಹಾಡಿಯಲ್ಲಿದ್ದ ಕೇತಮ್ಮನ ಸೊಸೆ ಆಗಷ್ಟೇ ಹೆತ್ತಿದ್ದಳು. ಹೊಟ್ಟೆಗಿಲ್ಲದೆ ಎದೆಹಾಲು ಬತ್ತುತ್ತಿತ್ತು. ಗೆಣಸೊಂದೇ ಗತಿ. ಅಗೆದವರು ಬಳ್ಳಿಯ ಬುಡಕ್ಕಂಟಿದ ಅರ್ಧ ಗೆಡ್ಡೆಯನ್ನು ಗುಂಡಿಯಲ್ಲೇ ಬಿಟ್ಟು, ಮಣ್ಣೆಳೆದು ತುಳಿಯುವುದು ಹಾಡಿಯ ರೂಢಿ. ಹಾಗೆ ಬಿಟ್ಟರೆ ಮತ್ತೆ ಚಿಗುರುತ್ತದೆ. ಅಷ್ಟರಲ್ಲಿ ಬಯಲಿನ ಊರುಗಳವರು ಹಸಿದು ಗುಂಪುಗುಂಪಾಗಿ ಹತ್ತಿ ಬಂದರು. ಅವರು ಅರಿಸಿನ ಬೆಳೆಯುವ ಜನ. ಹೊಲದಲ್ಲಿ ಕಿತ್ತಂತೆ ಇಲ್ಲಿಯೂ ಬುಡಸಮೇತ ಕಿತ್ತು ಮಣ್ಣು ಕೊಡವಿದರು. ಒಂದು ಇಳಿಜಾರು ನೋಡನೋಡುತ್ತಲೇ ಬರಿದಾಯಿತು. ಹಾಡಿಯ ಗಂಡಸರು ಬಂಡೆ ಉರುಳಿಸಿ ಅವರನ್ನು ಓಡಿಸುತ್ತೇವೆಂದು ನೆತ್ತಿ ಹತ್ತಿದರು.

"ತಡೀರಪ್ಪ, ಅವರೂ ಹೆತ್ತೋರೇ," ಎನ್ನುತ್ತ ಕೇತಮ್ಮ ಕೋಲು ಹಿಡಿದು ಆ ಬಂಡೆಗಳ ಕೆಳಕ್ಕೇ ಇಳಿದಳು. ಅರ್ಧ ಬಿಡಿ ಎಂದು ಬೇಡಿಕೊಂಡಳು. ಬಯಲಿನವರ ಮುಂದಾಳು ಚಿಕ್ಕನಂಜ ಸಿಡುಕಿದ: "ಬರೋ ವರ್ಷಕ್ಕೆ ಉಳಿಸಬೇಕಾ? ಈ ವಾರ ದಾಟೋರು ಯಾರಜ್ಜಿ?" ಅವನ ಹೆಗಲ ಮೇಲಿದ್ದ ಮಗಳ ಕಾಲುಗಳು ಕಡ್ಡಿಯಾಗಿದ್ದವು. ಕೇತಮ್ಮ ಸೊಸೆಗೆಂದು ಕಾದಿಟ್ಟಿದ್ದ ಬಳ್ಳಿಯ ಬಳಿಗೆ ಅವನನ್ನು ಕರೆದೊಯ್ದು ಅಗೆದಳು. ಕೆಳಗಿನ ಅರ್ಧವನ್ನಷ್ಟೇ ಮುರಿದು, ಅದರಲ್ಲೂ ಎರಡು ಪಾಲು ಮಾಡಿ, ಒಂದನ್ನು ಆ ಹುಡುಗಿಯ ಕೈಗಿತ್ತು, ಇನ್ನೊಂದನ್ನು ಸೊಸೆಗೆಂದು ಮಡಿಲಿಗಿಟ್ಟುಕೊಂಡಳು. "ಅಯ್ಯೋ ಅತ್ತೆ, ನನ್ನ ಕೂಸು!" ಎಂದು ಮೇಲಿನಿಂದ ಸೊಸೆ ಚೀರಿದಳು. ಕೇತಮ್ಮ ಅಳುತ್ತಲೇ ಗುಂಡಿಯಲ್ಲುಳಿದ ಅರ್ಧ ಗೆಡ್ಡೆಯ ಮೇಲೆ ಮಣ್ಣೆಳೆದಳು.

"ಇದನ್ನೂ ಕೀಳ್ತೀಯಾ, ಕೀಳಪ್ಪ. ನಾಳೆ ನಮ್ಮ ಕೂಸಿಗೂ ಇದೇ, ನಿನ್ನ ಕೂಸಿಗೂ ಇದೇ."

ಚಿಕ್ಕನಂಜ ಮಗಳನ್ನು ಹೆಗಲಿನಿಂದ ಇಳಿಸಿದ. ಆಮೇಲೆ ಆ ಮಣ್ಣನ್ನು ತಾನೇ ತುಳಿದು ಗಟ್ಟಿ ಮಾಡಿದ. ಅಂದಿನಿಂದ ಹಾಡಿಯವರೂ ಬಯಲಿನವರೂ ಅರ್ಧರ್ಧವೇ ಅಗೆದು, ಅರೆಹೊಟ್ಟೆಯಲ್ಲೇ ಆ ಬರವನ್ನು ದಾಟಿದರು ಎನ್ನುತ್ತಾರೆ. ಕೂಸೂ ಉಳಿಯಿತು. ಈಗ ಹಾಡಿಯಲ್ಲಿರುವವರೆಲ್ಲ ಅದರ ಸಂತತಿಯೇ.

ಇಂದಿಗೂ ಇಲ್ಲಿ ಯಾರು ಬೇಕಾದರೂ ಅಗೆಯಬಹುದು. ಯಾವ ಊರು, ಯಾವ ಜನ ಎಂದು ಕೇಳುವವರಿಲ್ಲ. ರಜೆಯಲ್ಲಿ ಬಂದವರು ಕಾರು ನಿಲ್ಲಿಸಿ, ಗೆಣಸು ಕಿತ್ತು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅವರು ಹೋದ ಮೇಲೆ ಹಾಡಿಯ ಮುದುಕಿಯರು ದಿಗಿಲುಗೊಂಡು ಗುಡ್ಡ ಹತ್ತುತ್ತಾರೆ. ಕಳೆದ ಬಾರಿ ಕೆಳಗಿನ ಇಳಿಜಾರಿನ ಗುಂಡಿಗಳು ತೆರೆದೇ ಇದ್ದವು. ಕೈ ಹಾಕಿ ತಡಕಾಡಿದರೆ ಒಳಗೆ ಏನೂ ಇರಲಿಲ್ಲ.