ಒಂಬತ್ತನೆಯ ಮಂಚ

ಪರಮಪೂಜ್ಯ ಶ್ರೀ ಗುರುಶಾಂತ ಶಿವಯೋಗಿಗಳು ಸೊಲ್ಲದಿನ್ನಿಯಲ್ಲಿ ಮಠ ಕಟ್ಟಿಸಲಿಲ್ಲ. ಮುಚ್ಚಿಹೋಗಿದ್ದ, ಅರಳೆ ಬಿಡಿಸುವ ಹತ್ತಿ ಜಿನ್ನಿನ ಗೋದಾಮನ್ನು ಅದರ ಯಜಮಾನರು ಬಿಟ್ಟುಕೊಟ್ಟಾಗ ಅದಕ್ಕೇ ಸುಣ್ಣ ಬಳಿಸಿ, ಒಂಬತ್ತು ಕಬ್ಬಿಣದ ಮಂಚ ಹಾಕಿಸಿದರು. ಆಸ್ಪತ್ರೆಗಳು ಕೈಬಿಟ್ಟ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಕೊನೆಯ ಉಸಿರಿನವರೆಗೆ ಇರಿಸಿಕೊಂಡು ನೋಡಿಕೊಳ್ಳುತ್ತಿದ್ದರು. ಭಕ್ತರಿಗೆ ಅವರು ಅಪ್ಪಗಳು. ನಾನು ಅವರನ್ನು ಮೊದಲು ಕಂಡಾಗ ಒಂದು ಕುಂಟು ಸ್ಟೂಲಿನ ಮೇಲೆ ಕುಳಿತು, ಸುಡುಬಿಸಿಲಿನಲ್ಲೂ ಶಾಲು ಹೊದ್ದು, ಒಬ್ಬ ರೋಗಿಯ ಕಾಲುಗುರು ಕತ್ತರಿಸುತ್ತಿದ್ದರು.

ಅವರ ಹೆಸರಿನಲ್ಲಿ ಪವಾಡದ ಕಥೆಗಳು ಬಹಳ ಹಬ್ಬಿವೆ. ಅವುಗಳಲ್ಲಿ ಒಂದನ್ನೂ ನಾನು ಕಂಡಿಲ್ಲ, ಆದ್ದರಿಂದ ಬರೆಯುವುದಿಲ್ಲ. ನನ್ನ ಕಣ್ಣೆದುರು ನಡೆದದ್ದು ಇಷ್ಟು. ಅದರ ಪೆಟ್ಟಿನಿಂದ ನಾನು ಇನ್ನೂ ಚೇತರಿಸಿಕೊಂಡಿಲ್ಲ.

ಅಳತೆ ಮತ್ತು ತೂಕ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್‌ಸ್ಪೆಕ್ಟರನಾಗಿದ್ದವನು ನಾನು. ಕರ್ತವ್ಯದ ಮೇಲೆ ಹೋದಲ್ಲಿ ಯಾರದೂ ಒಂದು ಕಪ್ ಚಹಾ ಕುಡಿದವನಲ್ಲ. ಪುಕ್ಕಟೆ ಪಡೆದದ್ದಕ್ಕೆ ಎಂದಾದರೊಂದು ದಿನ ಬೆಲೆ ತೆರಬೇಕಾಗುತ್ತದೆ ಎಂಬುದು ನನ್ನ ನಂಬಿಕೆ. ಈ ನಂಬಿಕೆಯನ್ನು ನನ್ನಲ್ಲಿ ಬಿತ್ತಿದವಳು ನನ್ನ ಅಕ್ಕ ಗುರುಬಸವ್ವ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಗದುಗಿನ ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ ನಡೆಸಿ, ಜೋಳದ ರೊಟ್ಟಿ ಬಡಿದು ನನ್ನನ್ನು ಧಾರವಾಡದ ಇಂಗ್ಲಿಷ್ ಶಾಲೆಯಲ್ಲಿ ಓದಿಸಿದವಳು. ನಾನು ಮದುವೆಯಾಗಲಿಲ್ಲ. ನಮ್ಮ ಮನೆಯಲ್ಲಿ ನಾವಿಬ್ಬರೇ.

ಅಕ್ಕನಿಗೆ ಗರ್ಭಕೋಶದ ಕ್ಯಾನ್ಸರ್. ಅದು ಬೆನ್ನುಮೂಳೆಗೆ ಇಳಿದ ಮೇಲೆ ಹುಬ್ಬಳ್ಳಿಯ ವೈದ್ಯರು, "ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಕರೆದುಕೊಂಡು ಹೋಗಿ" ಎಂದರು. ಎಲ್ಲಿಗೆ? ಬಾಡಿಗೆ ಮನೆಯ ಮೇಲಿನ ಮಹಡಿಯವರು ವಾಸನೆಗೆ ಕಿಟಕಿ ಮುಚ್ಚಿಕೊಳ್ಳತೊಡಗಿದ್ದರು. ನೋಡಿಕೊಳ್ಳಲು ಬಂದ ಹೆಂಗಸು ಮೂರನೆಯ ದಿನಕ್ಕೆ ಬಿಟ್ಟುಹೋದಳು. ಗುಣವಾಗುವ ಚಿಕಿತ್ಸೆ ನಡೆಯದ ವಾಸ್ತವ್ಯಕ್ಕೆ ಹಣ ಕೊಡಲಾಗುವುದಿಲ್ಲ ಎಂದು ವಿಮೆಯವರು ಬರೆದು ಕಳುಹಿಸಿದರು. ಬೆಂಗಳೂರಿನ ಧರ್ಮಾರ್ಥ ಆರೈಕೆ ಮನೆಯಲ್ಲಿ ಸರದಿಗೆ ಹೆಸರು ಬರೆಸಿ ಐದು ವಾರವಾಗಿತ್ತು. ಬೆಳಗಾವಿಯ ಇನ್ನೊಂದು ಮನೆಯವರು ಮೂರು ತಿಂಗಳ ಮುಂಗಡ ಕೇಳಿದರು.

"ವೈದ್ಯರು ಒಂದು ತಿಂಗಳು ಎಂದಿದ್ದಾರೆ. ಉಳಿದೆರಡು ತಿಂಗಳದ್ದು?" ಎಂದು ಕೇಳಿದೆ.

"ಅದು ವಾಪಸ್ ಬರಂಗಿಲ್ರಿ ಸರ್" ಎಂದ ಮ್ಯಾನೇಜರ್, ಬಹಳ ವಿನಯದಿಂದ. ತಕ್ಕಡಿಯ ತಟ್ಟೆಯಡಿ ಹುಣಸೆ ಅಂಟಿಸಿದ ವ್ಯಾಪಾರಿಗಳನ್ನು ನೋಡಿದ್ದೆ. ಸಾವಿನ ತಟ್ಟೆಗೆ ಅಂಟಿಸುವವರನ್ನು ನೋಡಿದ್ದು ಅದೇ ಮೊದಲು.

ಹೀಗೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ, ಸ್ವಾಮಿಗಳಲ್ಲಿ ಕಿಂಚಿತ್ತೂ ಶ್ರದ್ಧೆ ಇಲ್ಲದ ನಾನು, ಅಕ್ಕನನ್ನು ಬಾಡಿಗೆಯ ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಒಂದು ಮಧ್ಯಾಹ್ನ ಸೊಲ್ಲದಿನ್ನಿಗೆ ಬಂದೆ.

ಬಾಗಿಲಲ್ಲಿ ಕಾಶವ್ವ ಎಂಬ ನರ್ಸ್ ತಡೆದಳು. ನಾನು ಮೊದಲು ಕೇಳಿದ್ದು ದರಪಟ್ಟಿ.

"ದರಪಟ್ಟಿ ಕೇಳಾಕ ಇದೇನ ಕಿರಾಣಿ ಅಂಗಡಿ ಅಂತ ತಿಳಿದೀರೇನ್ರಿ?" ಎಂದಳು. "ಇಲ್ಲಿ ರೊಕ್ಕಾ ತಗೊಳ್ಳಂಗಿಲ್ಲ. ಮಂಚಾನೂ ಇಲ್ಲ. ಒಂಬತ್ತಕ್ಕ ಒಂಬತ್ತೂ ತುಂಬ್ಯಾವು."

ಎಣಿಸಿ ನೋಡಿದೆ. ಎಂಟು ಮಂಚಗಳಲ್ಲಿ ಎಂಟು ಮಂದಿ. ಒಂಬತ್ತನೆಯದರ ಸುತ್ತ ಹಸಿರು ಪರದೆ. ಒಳಗೆ ಯಾರೋ ಇದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ಅಪ್ಪಗಳು ಉಗುರುಕತ್ತರಿ ಕೆಳಗಿಟ್ಟು ಎದ್ದು ಬಂದರು. ಏಳುವಾಗ ಬಲಗೈ ಪಕ್ಕೆಯ ಮೇಲಿತ್ತು. ವಯಸ್ಸಿನ ಆಯಾಸ ಎಂದು ತಿಳಿದೆ. ನನ್ನನ್ನು ಅವರು ಏನೂ ಕೇಳಲಿಲ್ಲ. ಬರಿಗಾಲಲ್ಲಿ ನೇರ ಆಂಬುಲೆನ್ಸಿಗೆ ಹೋಗಿ ಒಳಗೆ ಬಗ್ಗಿದರು.

"ಏನವಾ, ಎಲ್ಲಿ ನೋಯತೈತಿ?"

"ಎಲ್ಲಿ ನೋಯೂದಿಲ್ಲಂತ ಕೇಳ್ರಿ ಅಪ್ಪಾರ, ಜಲ್ದಿ ಹೇಳಿ ಮುಗಸ್ತೀನಿ" ಎಂದಳು ಅಕ್ಕ.

ಅಪ್ಪಗಳು ಗಟ್ಟಿಯಾಗಿ ನಕ್ಕರು. ನಗು ಅರ್ಧಕ್ಕೇ ನಿಂತು ಮತ್ತೆ ಕೈ ಪಕ್ಕೆಗೆ ಹೋಯಿತು. ನನ್ನ ಕಡೆ ತಿರುಗಿ, "ಇವತ್ತೊಂದಿನ ತೂಕದ ಖೋಲ್ಯಾಗ ಇರ್ರಿ. ನಾಳೆ ಮುಂಜಾನೆ ಮಂಚ ಖಾಲಿ ಆಗತೈತಿ" ಎಂದರು.

ನಾಳೆ ಮುಂಜಾನೆ! ಬಸ್ಸಿನ ವೇಳೆ ಹೇಳಿದಂತೆ ಹೇಳಿದ್ದರು. ಒಬ್ಬ ಮನುಷ್ಯನ ಸಾವಿಗೆ ಇವರು ಹೊತ್ತು ಗೊತ್ತು ಮಾಡಿ, ಅವನ ಹಾಸಿಗೆಯನ್ನು ಆಗಲೇ ಇನ್ನೊಬ್ಬರಿಗೆ ಹಂಚುತ್ತಿದ್ದಾರಲ್ಲ! ಸನ್ಯಾಸಿಗಳಿಗೆ ಕರುಣೆ ಇರುತ್ತದೆ ಎಂದು ಕೇಳಿದ್ದೆ. ಇಷ್ಟು ತಣ್ಣಗಿನ ಕರುಣೆಯನ್ನು ಕಂಡಿರಲಿಲ್ಲ.

ತೂಕದ ಖೋಲಿ ಎಂದರೆ ಹಿಂದೆ ಹತ್ತಿಯ ಅಂಡಿಗೆಗಳನ್ನು, ಎಂದರೆ ದೊಡ್ಡ ಮೂಟೆಗಳನ್ನು, ತೂಗುತ್ತಿದ್ದ ಸಣ್ಣ ಕೋಣೆ. ಅಕ್ಕನನ್ನು ಅಲ್ಲಿ ಚಾಪೆಯ ಮೇಲೆ ಮಲಗಿಸಿದೆವು. ವಾರಕ್ಕೆರಡು ಸಲ ಬರುವ ವೈದ್ಯರು ಅದೃಷ್ಟವಶಾತ್ ಆ ದಿನ ಬಂದಿದ್ದರು. ಅಕ್ಕನನ್ನು ಪರೀಕ್ಷಿಸಿ ಮಾರ್ಫಿನ್ ಬರೆದುಕೊಟ್ಟರು. ಮುಕ್ಕಾಲು ತಾಸಿನಲ್ಲಿ ಹುಬ್ಬಿನ ನಡುವಿನ ಗಂಟು ಬಿಚ್ಚಿತು. ನೆಲದ ಗಡಸಿಗೆ ಬೆನ್ನುಮೂಳೆ ನೋಯುತ್ತಿದ್ದರೂ ಎಷ್ಟೋ ದಿನಗಳ ಮೇಲೆ ಕಣ್ಣು ಮುಚ್ಚಿದಳು.

ಆಗ ನಾನು ಮಾಡಿದ ಕೆಲಸವನ್ನು ಮುಚ್ಚಿಡುವುದಿಲ್ಲ. ಸಂಜೆ ಗೋದಾಮಿನೊಳಗೆ ಹೋಗಿ, ನಾಳೆ ಹೋಗುವವರು ಯಾರಿರಬಹುದು ಎಂದು, ಪರದೆಯ ಒಳಗಿನದೊಂದನ್ನು ಬಿಟ್ಟು, ಒಂದೊಂದೇ ಮುಖ ನೋಡಿದೆ. ಕಿಟಕಿಯ ಪಕ್ಕದ ಎಂಟನೆಯ ಮಂಚದಲ್ಲಿ ಒಬ್ಬ ಮುದುಕನಿದ್ದ. ಬಾಯಿ ತೆರೆದೇ ಇತ್ತು. ಉಸಿರು ಎಳೆದು ಎಳೆದು ಬಂದು, ನಿಂತು, ಮತ್ತೆ ಬರುತ್ತಿತ್ತು. ಗಡಿಯಾರ ಹಿಡಿದು ನಿಮಿಷಕ್ಕೆ ಎಷ್ಟು ಎಂದು ಎಣಿಸಿದೆ. ನಿಂತಾಗಲೆಲ್ಲ ನನ್ನೊಳಗೆ ಏನೋ ಹಗುರಾಗುತ್ತಿತ್ತು. ಮತ್ತೆ ಬಂದಾಗ ಬೇಸರ. ಒಬ್ಬ ಅಪರಿಚಿತ ಬೆಳಗಾಗುವುದರೊಳಗೆ ಸಾಯಲಿ ಎಂದು ನಾನು ಬಯಸುತ್ತಿದ್ದೆ. ಅದು ನ್ಯಾಯವಾದ ಬಯಕೆ ಎಂದೂ ನನಗೆ ಅನ್ನಿಸಿತ್ತು.

ಬೆಳಿಗ್ಗೆ ಏಳಕ್ಕೆ ನೇರ ಎಂಟನೆಯ ಮಂಚಕ್ಕೆ ಹೋದೆ. ಮುದುಕ ದಿಂಬಿಗೆ ಒರಗಿ ಕುಳಿತು ಗಂಜಿ ಕುಡಿಯುತ್ತಿದ್ದ!

"ಇವರು ಇನ್ನೂ..." ಎಂದವನು ನಾಲಗೆ ಕಚ್ಚಿಕೊಂಡೆ. ಆದರೂ ತಡೆಯಲಾರದೆ ಕಾಶವ್ವನನ್ನು ಕೇಳಿಯೇಬಿಟ್ಟೆ: "ಹಾಗಾದರೆ ಯಾರೂ ಸಾಯಲಿಲ್ಲವೇ?"

ಅತ್ತು ಆಕೆಯ ಕಣ್ಣು ಊದಿಕೊಂಡಿದ್ದವು. ಹಸಿರು ಪರದೆ ಸರಿಸಿದಳು. ಒಂಬತ್ತನೆಯ ಮಂಚ ಖಾಲಿಯಾಗಿತ್ತು. ಒಗೆದು ಒಣಗಿಸಿದ ಹೊದಿಕೆ, ಮಡಿಕೆ ಇಲ್ಲದೆ ಹಾಸಿತ್ತು. ಅದರ ಆಚೆ, ಕಾಳಿನ ಚೀಲಗಳ ಪಕ್ಕ ನೆಲದ ಮೇಲೆ, ಕಂಬಳಿ ಹಾಸಿಕೊಂಡು ಅಪ್ಪಗಳು ಮಲಗಿದ್ದರು. ಶಾಲು ಜಾರಿತ್ತು. ಹೊಟ್ಟೆ ಊದಿತ್ತು. ಕಣ್ಣುಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು.

"ಲಿವರಿಂದು ರೀ" ಎಂದಳು ಕಾಶವ್ವ, ನನ್ನ ಮೇಲೆ ಸಿಟ್ಟು ತೀರಿಸಿಕೊಳ್ಳುವಂತೆ. "ಏಳು ತಿಂಗಳಾತು. ಒಂಬತ್ತನೇ ಮಂಚ ಅವರದ. ನಿನ್ನೆ ಸಂಜೀಕ ತಾವ ಹೊದಿಕೆ ಒಗದ್ರು. ನಾ ಒಗೀತೀನಿ ಅಂದ್ರ ಕೈಯಾಗ ಕೊಡಲಿಲ್ಲ."

ನಿನ್ನೆ ಸಂಜೆಯಿಡೀ ಒಂದು ಸಾವಿಗಾಗಿ ಈ ಗೋದಾಮನ್ನು ಜಾಲಾಡಿದ್ದೆ. ಸಾವು ಶಾಲು ಹೊದ್ದು, ಉಗುರು ಕತ್ತರಿಸುತ್ತ ನನ್ನೆದುರಿಗೇ ಕುಳಿತಿತ್ತು. ನನಗೆ ಕಂಡಿರಲಿಲ್ಲ.

ಅಪ್ಪಗಳು ಕಣ್ಣು ತೆರೆದರು. ನನ್ನ ಪ್ರಶ್ನೆ ಅವರಿಗೆ ಕೇಳಿಸಿತ್ತು.

"ಮಂಚ ಖಾಲಿ ಆಗಬೇಕಾದ್ರ ಯಾರರೆ ಸಾಯಬೇಕೇನ್ರಿ?" ಎಂದರು. "ಎದ್ರೂ ಆಗತೈತಿ."

ಅಷ್ಟೇ. ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ.

ಅಕ್ಕನಿಗೆ ವಿಷಯ ತಿಳಿದಾಗ ಆಕೆ ಚಾಪೆ ಗಟ್ಟಿಯಾಗಿ ಹಿಡಿದುಕೊಂಡು ರಂಪ ಮಾಡಿದಳು. "ಒಲ್ಲೆ ನಾ ಒಲ್ಲೆ! ಸ್ವಾಮಿಗಳ ಹಾಸಿಗಿ ಕಸಗೊಂಡು ಯಾವ ನರಕಕ್ಕ ಹೋಗ್ಲಿ? ತಮ್ಮಾ, ನಿನಗರೆ ಬುದ್ಧಿ ಬ್ಯಾಡೇನೋ!"

ಅಪ್ಪಗಳು ಗೋಡೆ ಹಿಡಿಯುತ್ತ ತೂಕದ ಖೋಲಿಯ ಬಾಗಿಲಿಗೆ ಬಂದು ಕುಳಿತರು. "ಅವ್ವಾ, ಖಾನಾವಳಿ ನಡೆಸಿದವ್ರಂತ ನೀವು. ಗಿರಾಕಿ ನಿಂತಾಗ ನೀವು ಯಾವತ್ತರೆ ಮೊದಲ ಉಂಡೀರೇನು?"

ಅಕ್ಕನ ರಂಪ ನಿಂತಿತು. "ಇಲ್ರಿ. ಎಲ್ಲಾರ್ದೂ ಆದಮ್ಯಾಲೆ."

"ನಂದೂ ಹಂಗ."

ಅಕ್ಕ ಚಾಪೆ ಬಿಟ್ಟಳು. ಬೇರೆ ರೋಗಿಗಳ ಕಡೆಯ ಇಬ್ಬರು, ಕಾಶವ್ವ, ನಾನು ಸೇರಿ ಆಕೆಯನ್ನು ಮಂಚಕ್ಕೆ ಸಾಗಿಸಿದೆವು.

ಆಮೇಲೆ ನಾನು ಚೆಕ್ ಪುಸ್ತಕ ಹಿಡಿದುಕೊಂಡು ಅಪ್ಪಗಳ ಕಂಬಳಿಯ ಬಳಿ ಹೋದೆ. ಅಷ್ಟು ದೊಡ್ಡದನ್ನು ಪುಕ್ಕಟೆ ಪಡೆದು ಬದುಕುವ ಶಕ್ತಿ ನನ್ನಲ್ಲಿರಲಿಲ್ಲ. "ಎಷ್ಟಾದರೂ ಸರಿ, ಹೇಳಿಬಿಡಿ" ಎಂದೆ.

ಅವರು ಚೆಕ್ ಪುಸ್ತಕವನ್ನು ನೋಡಲೂ ಇಲ್ಲ. ಎಂಟನೆಯ ಮಂಚದ ಕಡೆ ಬೆರಳು ತೋರಿಸಿದರು. "ನೀವು ಕೊಡೂದು ಅಲ್ಲೈತಿ."

ಆ ಮನೆಯ ಪದ್ಧತಿಯೇ ಅದು ಎಂದು ಕಾಶವ್ವ ತಿಳಿಸಿದಳು. ಅದಕ್ಕೆ ಅಲ್ಲಿ ನೆರೆಸೇವೆ ಎನ್ನುತ್ತಾರೆ. ಯಾರು ತಮ್ಮವರನ್ನು ಅಲ್ಲಿ ತಂದು ಬಿಡುತ್ತಾರೋ ಅವರು ಪಕ್ಕದ ಮಂಚದವರ ಮೈ ಒರೆಸಬೇಕು, ಉಣಿಸಬೇಕು, ಹೊಲಸು ತೆಗೆಯಬೇಕು. ತಮ್ಮವರನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಒಂಬತ್ತನೆಯದರ ಪಕ್ಕದ್ದು ಎಂಟನೆಯದು. ಸಾಯಲಿ ಎಂದು ನಾನು ಬಯಸಿದ್ದ ಮುದುಕನದು.

ಆತನ ಹೆಸರು ದಾವಲಸಾಬ. ಅದೇ ಜಿನ್ನಿನಲ್ಲಿ ನಲವತ್ತು ವರ್ಷ ಅಂಡಿಗೆ ಹೊತ್ತ ಹಮಾಲ. ಹಿಂದಿಲ್ಲ ಮುಂದಿಲ್ಲ. ಬಿಸಿನೀರಿನ ಬೋಗುಣಿ ಹಿಡಿದು ಹೋದಾಗ ಅರ್ಧ ನೀರು ನನ್ನ ಪ್ಯಾಂಟಿನ ಮೇಲೆಯೇ ಚೆಲ್ಲಿತು. ಅಲ್ಲಿಯವರೆಗೆ ನಾನು ಯಾರ ಮೈಯನ್ನೂ ಒರೆಸಿದವನಲ್ಲ, ಅಕ್ಕನದೂ ಅಲ್ಲ. ಅದಕ್ಕೆಲ್ಲ ಹೆಂಗಸನ್ನು ಗೊತ್ತು ಮಾಡುತ್ತಿದ್ದೆ.

ಬೆನ್ನು ಒರೆಸುತ್ತಿದ್ದಾಗ ಆತ ಮೆಲ್ಲಗೆ ಹೇಳಿದ: "ನಿನ್ನೆ ಸಂಜೀಕ ನನ್ನ ಉಸರ ಎಣಸಾಕತ್ತಿದ್ರಿ ಸಾಹೇಬ್ರ. ನೋಡೀನಿ ನಾ."

ಕೈಯೊಳಗಿನ ಬಟ್ಟೆ ಅಲ್ಲೇ ನಿಂತಿತು. ನೆಲ ಬಾಯಿ ತೆರೆಯಬಾರದೇ ಎನ್ನಿಸಿತು.

"ಎಷ್ಟಾದೂ?" ಎಂದು ಕೇಳಿದ ಮುದುಕ.

ಮೂವತ್ತೆರಡು ವರ್ಷ ಇತರರ ತಪ್ಪು ಬರೆದುಕೊಂಡವನು ನಾನು. ಆ ದಿನ ಬೇರೆ ಯಾರ ಹೆಸರನ್ನು ಬರೆಯಲಿ? "ತಪ್ಪಿತು, ದಾವಲಸಾಬರೇ" ಎಂದೆ. ಕಣ್ಣೀರು ಆತನ ಬೆನ್ನ ಮೇಲೆ ಬಿತ್ತು.

"ಅಳಬ್ಯಾಡ್ರಿ, ನೀರ ಆರತೈತಿ" ಎಂದ ಆತ. "ಎಡಕಿನ ಕಂಕಳ ಉಳೀತು."

ಅಕ್ಕ ಇಪ್ಪತ್ತೆರಡು ದಿನ ಆ ಮಂಚದಲ್ಲಿದ್ದಳು. ನೋವು ಹಿಡಿತಕ್ಕೆ ಬಂದಿತ್ತು. ದಾವಲಸಾಬನಿಗೆ ತನ್ನವರು ಯಾರೂ ಇಲ್ಲದ್ದರಿಂದ ರೋಣದ ಒಬ್ಬ ಶಿಕ್ಷಕರು, ಏಳನೆಯ ಮಂಚದಲ್ಲಿದ್ದ ಹೆಂಗಸಿನ ಮಗ, ದಿನಾ ಆಕೆಯ ತಲೆ ಬಾಚಿ ಜಡೆ ಹೆಣೆಯುತ್ತಿದ್ದರು. "ನನ್ನ ತಮ್ಮಗ ಹೆಣಿಕಿ ಹಾಕಾಕ ಬರೂದಿಲ್ರಿ ಮಾಸ್ತರ, ತಪ್ಪು ಹುಡುಕಾಕ ಅಷ್ಟ ಬರತೈತಿ" ಎಂದು ಅವರೆದುರು ನನ್ನನ್ನು ಹೀಯಾಳಿಸಿ ನಗುತ್ತಿದ್ದಳು. ದಾವಲಸಾಬನ ಮೈಯ ಮೇಲೆ ಕಲಿತ ಕೈ ಹತ್ತನೆಯ ದಿನಕ್ಕೆ ಪಳಗಿತು. ಆಗ ನಾನೇ ಕೇಳಿಕೊಂಡು ಅಕ್ಕನ ತಲೆ ಬಾಚಿದೆ. ಹೆಣಿಕೆ ಸೊಟ್ಟಗಾಯಿತು. ಆಕೆ ಕನ್ನಡಿ ಕೇಳಿ ನೋಡಿಕೊಂಡು, "ಇರ್ಲಿ ಬಿಡು, ಈ ಒಂದು ತಪ್ಪು ಬರಕೋಬ್ಯಾಡ" ಎಂದಳು.

ಆಕೆ ಶಿವಾಧೀನಳಾದ ಮಧ್ಯಾಹ್ನ ಕಾಶವ್ವ ಕೈ ಮುಗಿದು, "ಇನ್ನರೆ ಮ್ಯಾಲೆ ಮಲಗ್ರಿ ಅಪ್ಪಾರ" ಎಂದು ಬೇಡಿಕೊಂಡಳು. ಅಪ್ಪಗಳು ಕಣ್ಣಿನಲ್ಲೇ ಬಾಗಿಲು ತೋರಿಸಿದರು. ಅಲ್ಲಿ ಮುಂಡರಗಿಯ ಕಡೆಯ ಒಬ್ಬ ಹೆಣ್ಣುಮಗಳು, ಗಂಟಲ ಕ್ಯಾನ್ಸರಿನ ಗಂಡನನ್ನು ಟಂಟಂ ರಿಕ್ಷಾದಲ್ಲಿ ಕೂರಿಸಿಕೊಂಡು ಬೆಳಗಿನಿಂದ ಕಾದಿದ್ದಳು.

ಪೂಜ್ಯರು ಆ ಕಂಬಳಿಯ ಮೇಲೆಯೇ, ಮುಂದಿನ ಸೋಮವಾರ ಹಗಲಿನಲ್ಲಿ ಲಿಂಗೈಕ್ಯರಾದರು. ಕಡೆಯ ಸಲ ಅವರ ಮೈ ಒರೆಸುವ ಸರದಿ ನನ್ನದಾಗಿತ್ತು. ದಾವಲಸಾಬ ಅವರಿಗಿಂತ ನಾಲ್ಕು ತಿಂಗಳು ಹೆಚ್ಚು ಬದುಕಿದ. ನನ್ನ ಎಣಿಕೆ ಅಷ್ಟು ತಪ್ಪಿತ್ತು.

ನಾನು ಗದುಗಿನ ಮನೆ ಬಿಟ್ಟು ಇಲ್ಲಿಗೇ ಬಂದೆ. ತೂಕದ ಖೋಲಿಯಲ್ಲಿ ನನಗೊಂದು ಮಂಚ ಹಾಕಿಕೊಟ್ಟಿದ್ದಾರೆ. ಮೊನ್ನೆ ಗಜೇಂದ್ರಗಡದಿಂದ ಒಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಬ್ಯಾಂಕಿನಿಂದ ನಿವೃತ್ತರು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಆಸ್ಪತ್ರೆಯ ಕಾಗದಗಳ ಕಡತ. ಒಂಬತ್ತೂ ತುಂಬಿದ್ದವು.

"ಮೊದಲು ನಿಮ್ಮ ದರಪಟ್ಟಿ ಕೊಡಿ" ಎಂದರು.

ಕಾಶವ್ವ ನನ್ನ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ಅವರ ಕೈಯಿಂದ ಕಡತ ಇಸಿದುಕೊಂಡು, "ಒಂದರ್ಧ ತಾಸು ಕೂಡ್ರಿ, ಮಂಚ ಖಾಲಿ ಆಗತೈತಿ" ಎಂದೆ. ಅವರ ಮುಖ ಬಿಳಿಚಿಕೊಂಡಿತು. ಕಣ್ಣು ನನ್ನ ಭುಜದ ಮೇಲಿಂದ ಒಳಗೆ ಹೋಗಿ, ಒಂದೊಂದೇ ಮುಖ ಹುಡುಕತೊಡಗಿತು.

ನಾನು ತೂಕದ ಖೋಲಿಗೆ ಹೋಗಿ ನನ್ನ ಮಂಚದ ಹಾಸಿಗೆ ಸುತ್ತಿದೆ.