ಮಗ್ಗದ ಕುಣಿ

“ಗುರುಗಳೇ, ನಮ್ಮ ಮಣ್ಣಿನ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸಬೇಕೆಂದಿದ್ದೇನೆ. ತಾಯಿ ಒಲ್ಲೆನೆನ್ನುತ್ತಾಳೆ. ಆ ಮಣ್ಣಿನಿಂದ ಏನು ಲಾಭ?” ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳತೊಡಗಿದರು.

ಬಿಸಿಲು ನಾಡಿನ ಒಂದು ಊರಿನಲ್ಲಿ ಒಬ್ಬ ನೇಕಾರನೂ ಅವನ ಹೆಂಡತಿಯೂ ಇದ್ದರು. ನೇಯುವವಳು ಹೆಂಡತಿ, ನೂಲು ತರುವುದು, ಸೀರೆ ಒಯ್ಯುವುದು ಗಂಡನ ಪಾಲು. ಮನೆಯ ಗೋಡೆ ಒಂದು ಮೊಳ ದಪ್ಪ, ಮೇಲೆ ಮಣ್ಣಿನ ಮಾಳಿಗೆ, ಅದರ ನಡುವೆ ಒಂದು ಬೆಳಕಿಂಡಿ. ಬೆಳಕಿಂಡಿಯ ಕೆಳಗೆ ನೆಲ ಅಗೆದು ಕುಣಿ ಮಾಡಿ ಮಗ್ಗ ಹೂಡಿದ್ದರು. ಅವಳು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದಳು. ಆ ನೆಲದ ತಂಪು ಅವಳ ಕಾಲಿಗೆ ಗೊತ್ತಿತ್ತು.

ಪಕ್ಕದ ಮನೆಯಲ್ಲಿ ಅವಳ ಭಾವ, ಅಂದರೆ ಗಂಡನ ಅಣ್ಣ, ಇದ್ದ. ಅವನೂ ನೇಕಾರನೇ. ಅವನು ಮಣ್ಣಿನ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದ. ನೆಲಕ್ಕೆ ಮುಖ ಕಾಣುವಂಥ ಕಲ್ಲು ಹಾಸಿಸಿ, ಹಳೆಯ ಕುಣಿ ಮುಚ್ಚಿ, ಮಗ್ಗವನ್ನು ಕಲ್ಲಿನ ಮೇಲೆಯೇ ನಿಲ್ಲಿಸಿದ. ಬಂದವರೆಲ್ಲ ಹೊಗಳಿದರು. ಹೊಗಳುವವರಿಗೇನು, ನೇಯುವವರು ಅವರಲ್ಲವಲ್ಲ. ತಮ್ಮನಿಗೂ ಅದೇ ಹುಚ್ಚು ಹತ್ತಿತು. ಒಂದು ಬೆಳಿಗ್ಗೆ ಮನೆ ಕೆಡವಲು ಆಳುಗಳನ್ನು ಕರೆತಂದೇಬಿಟ್ಟ.

ಹೆಂಡತಿಗೆ ಸಿಟ್ಟು ನೆತ್ತಿಗೇರಿತು. ಆದರೂ ಕೂಗಾಡಲಿಲ್ಲ. ಕೈಯಲ್ಲಿದ್ದ ನೂಲಿನ ಲಾಳಿಯನ್ನೂ ಕೆಳಗಿಡಲಿಲ್ಲ.

“ಕೆಡವೂದಿದ್ರ ಮೊದಲ ಈ ಕುಣಿ ಮುಚ್ಚರಿ. ನಾ ಇದರಾಗ ಕುಂತಿರ್ತೀನಿ,” ಎಂದಳು. “ಇಲ್ಲಾಂದ್ರ ಒಂದ ಬ್ಯಾಸಿಗಿ ತಡೀರಿ. ಆಮ್ಯಾಲ ನೀವು ಹೇಳಿದ್ಹಂಗ ಕೇಳ್ತೀನಿ.”

ಗಂಡ ಗದರಿಸಿದ, ಬೇಡಿಕೊಂಡ. ಅವಳು ಏಳಲಿಲ್ಲ. ಊಟವನ್ನೂ ಅಲ್ಲೇ ಕೂತು ಮಾಡಿದಳು. ಆಳುಗಳು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿ ಹಾಕಿ ಬೇಸತ್ತು ಸಂಜೆಗೆ ಹೊರಟುಹೋದರು. ಗಂಡ ಬೇಸಿಗೆ ಮುಗಿಯುವವರೆಗೆ ತಡೆಯಲು ಒಪ್ಪಿದ.

ಬೇಸಿಗೆ ಬಂತು. ಸಿಮೆಂಟಿನ ಮನೆ ಕಾದ ಹಂಚಾಯಿತು. ಒಣಗಾಳಿಗೆ ಹತ್ತಿಯ ಎಳೆಗಳು ಪಟಪಟನೆ ಕಡಿಯತೊಡಗಿದವು. ಭಾವ ಫ್ಯಾನು ಹಾಕಿಸಿದ. ಎಳೆ ಇನ್ನಷ್ಟು ಒಣಗಿತು. ನೆಲಕ್ಕೆ ನೀರು ಚಿಮುಕಿಸಿದ. ಕಲ್ಲು ನೀರು ಕುಡಿಯಲಿಲ್ಲ, ಅವನೇ ಜಾರಿ ಬಿದ್ದ. ನೇಯುವುದಕ್ಕಿಂತ ಗಂಟು ಹಾಕುವುದೇ ಹೆಚ್ಚಾಗಿ ಕೊನೆಗೆ ಮಗ್ಗ ನಿಂತಿತು.

ಮಣ್ಣಿನ ಮನೆಯಲ್ಲಿ ಗೋಡೆ ಬಿಸಿಲನ್ನು ಹೊರಗೇ ತಡೆದಿತ್ತು. ಕುಣಿಯ ತೇವ ಮೇಲೇರಿ ಎಳೆಗಳನ್ನು ಮೆತ್ತಗೆ ಇಟ್ಟಿತ್ತು. ಫ್ಯಾನಿಲ್ಲದೆ, ದೀಪವಿಲ್ಲದೆ ಅವಳು ಸಂಜೆಯವರೆಗೆ ನೇಯುತ್ತಿದ್ದಳು.

ಒಂದು ದಿನ ಭಾವ ಬಂದು ಬಾಗಿಲಲ್ಲಿ ನಿಂತ.

“ತಂಗಿ, ನನ್ನ ಮಗ್ಗಕ್ಕೂ ಇಲ್ಲೊಂದಿಷ್ಟು ಜಾಗಾ ಕೊಡ್ತೀಯೇನವಾ?”

“ಬರ್ರಿ ಭಾವಾರ. ಕುಣಿ ಮಾತ್ರ ನೀವ ತೋಡಬೇಕು.”

ಅವಳ ಗಂಡ ಹಾರೆ ತಂದು ಅಣ್ಣನ ಕೈಗಿತ್ತ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆ ಅಣ್ಣ ತನ್ನ ಮನೆಯ ಕಲ್ಲನ್ನೇ ಕಿತ್ತು ಕುಣಿ ತೋಡಬಹುದಿತ್ತಲ್ಲ?” ಎಂದ.

ಗುರು ಕೇಳಿದರು: “ಹೊಳಪು ಹೋದೀತೆಂದು ತನ್ನ ನೆಲಕ್ಕೇ ಹಾರೆ ಹಾಕಲಾರದವನು ಆ ಮನೆಗೆ ಒಡೆಯನೋ, ಕಾವಲುಗಾರನೋ?”